ಊಟದ ಕೋಣೆಯ ಅಚ್ಚುಕೂಟ

ಪ್ರಕಾಶನ ಸಂಸ್ಥೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಅದು ಹೊರತಂದ ಮಹಾಕೃತಿಗಳ ನಾಮಸ್ಮರಣೆಯಿಂದಲೇ ಮಂಗಳಾಚರಣೆ ಮಾಡುವುದು ರೂಢಿ. ಹೋಗಾರ್ತ್ ಪ್ರೆಸ್ಸಿನ ವಿಷಯದಲ್ಲಿ ಮಾತ್ರ ಆ ರೂಢಿಯನ್ನು ಬದಿಗಿರಿಸಿ, ಲೆಕ್ಕದ ಪುಸ್ತಕದಿಂದ ಆರಂಭಿಸುವುದೇ ನ್ಯಾಯವೆಂದು ನನಗೆ ತೋರುತ್ತದೆ. 1917ರ ಜುಲೈ ತಿಂಗಳಲ್ಲಿ, ಯೂರೋಪು ಖಂಡವೆಲ್ಲ ಮಹಾಯುದ್ಧದ ಬೆಂಕಿಯಲ್ಲಿ ಬೇಯುತ್ತಿದ್ದಾಗ, ಲಂಡನ್ನಿನ ನೆರೆಯ ರಿಚ್ಮಂಡಿನಲ್ಲಿ ಗಂಡಹೆಂಡಿರಿಬ್ಬರು ತಮ್ಮ ಮನೆಯ ಊಟದ ಕೋಣೆಯಲ್ಲಿ ತಾವೇ ಮೊಳೆ ಜೋಡಿಸಿ, ತಾವೇ ಮಸಿ ಬಳಿದು ಅಚ್ಚುಹಾಕಿ, ತಾವೇ ಸೂಜಿದಾರ ಹಿಡಿದು ಹೊಲಿದು ಒಂದು ಕಿರುಹೊತ್ತಗೆಯನ್ನು ಹೊರಡಿಸಿದರು. ಗಂಡನದೊಂದು ಕಥೆ, ಹೆಂಡತಿಯದೊಂದು ಕಥೆ; ಪುಸ್ತಕದ ಹೆಸರೂ 'ಟೂ ಸ್ಟೋರೀಸ್' ಎಂದೇ. ಅಚ್ಚಾದುದು 150 ಪ್ರತಿ, ಬೆಲೆ ಒಂದೂವರೆ ಷಿಲ್ಲಿಂಗು. ಮರದಚ್ಚಿನ ನಾಲ್ಕು ಚಿತ್ರಗಳನ್ನು ಕೆತ್ತಿಕೊಟ್ಟ ಕ್ಯಾರಿಂಗ್‌ಟನ್ ಎಂಬ ತರುಣ ಕಲಾವಿದೆಗೆ ಸಲ್ಲಿಸಿದ 15 ಷಿಲ್ಲಿಂಗೂ ಸೇರಿ ಒಟ್ಟು ಖರ್ಚು 3 ಪೌಂಡು 7 ಷಿಲ್ಲಿಂಗು. ಮಾರಾಟದಿಂದ ಬಂದುದು 10 ಪೌಂಡು 8 ಷಿಲ್ಲಿಂಗು. ನಿವ್ವಳ ಲಾಭ 7 ಪೌಂಡು 1 ಷಿಲ್ಲಿಂಗು. ಸುಮಾರು ಅರ್ಧಶತಮಾನದ ತರುವಾಯ ತನ್ನ ಆತ್ಮಚರಿತ್ರೆಯನ್ನು ಬರೆಯಕುಳಿತ ವೃದ್ಧ ಗಂಡನು ಈ ಅಂಕಿಗಳನ್ನು ಒಂದು ಷಿಲ್ಲಿಂಗೂ ಬಿಡದಂತೆ ದಾಖಲು ಮಾಡಿದ್ದಾನೆ. ಹೆಂಡತಿ ವರ್ಜೀನಿಯಾ ವುಲ್ಫ್. ಗಂಡ ಲೆನರ್ಡ್ ವುಲ್ಫ್.

ಆಕೆಯ ಪ್ರತಿಭೆಯ ವಿಷಯದಲ್ಲಿ ಗ್ರಂಥಭಂಡಾರವೇ ಹುಟ್ಟಿಕೊಂಡಿದೆ. ಆತನ ಲೆಕ್ಕಾಚಾರವನ್ನು ಕುರಿತು ಬರೆದವರು ಬಹುಮಟ್ಟಿಗೆ ಮುಗುಳ್ನಕ್ಕು ಮುಂದೆ ಸಾಗಿದ್ದಾರೆ. ಆದರೆ ಹೋಗಾರ್ತ್ ಪ್ರೆಸ್ಸು ಸ್ವತಂತ್ರವಾಗಿ ಉಳಿದದ್ದು ಈ ಕಾಸುಬಿಡದ ಬುದ್ಧಿಯಿಂದಲೇ ಎಂಬುದು ನನ್ನ ನಂಬಿಕೆ. ಸಾಹಿತ್ಯಸೇವೆಯ ಹೆಸರಿನಲ್ಲಿ ಹುಟ್ಟಿದ ಎಷ್ಟೋ ಪ್ರಕಾಶನಗಳು ಔದಾರ್ಯದಿಂದ ಸತ್ತಿವೆ. ಜಿಪುಣತನದಿಂದ ಸತ್ತ ಒಂದನ್ನಾದರೂ ನಾನು ಕೇಳಿಲ್ಲ.

ಲೆನರ್ಡನಿಗೆ ಈ ಶಿಸ್ತು ಬಂದದ್ದು ನಮ್ಮ ನೆರೆಯ ಸಿಂಹಳದ್ವೀಪದಿಂದ. ಕೇಂಬ್ರಿಜ್ಜಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ಈ ಯಹೂದಿ ಯುವಕನು 1904ರಲ್ಲಿ ಸಿವಿಲ್ ಸರ್ವಿಸಿನ ಉದ್ಯೋಗಿಯಾಗಿ ಸಿಂಹಳಕ್ಕೆ ಹೋಗಿ, ಜಾಫ್ನಾ, ಕ್ಯಾಂಡಿ, ಹಂಬನತೋಟಗಳಲ್ಲಿ ಸುಮಾರು ಏಳು ವರ್ಷ ಅಧಿಕಾರ ನಡೆಸಿದನು. ಉಪ್ಪಿನ ಸಂಗ್ರಹ, ದನಗಳ ರೋಗ, ಕಂದಾಯದ ಲೆಕ್ಕ, ಹಳ್ಳಿಯ ವ್ಯಾಜ್ಯ — ಎಲ್ಲವೂ ಅವನ ಮೇಜಿನ ಮೇಲೆ ಬಂದು ಬೀಳುತ್ತಿದ್ದುವು. ಬಂದ ಕಾಗದಕ್ಕೆ ಬಂದ ದಿವಸವೇ ಉತ್ತರ ಹೋಗಬೇಕೆಂದು ಕಟ್ಟಪ್ಪಣೆ ಮಾಡಿ ಕಛೇರಿಯ ಗುಮಾಸ್ತರ ಕೋಪಕ್ಕೆ ಪಾತ್ರನಾದವನು ಆತ. ಸಾಮ್ರಾಜ್ಯದ ಸೇವೆಯಲ್ಲಿ ಮನಸ್ಸು ನಿಲ್ಲದೆ ರಜೆಯ ಮೇಲೆ ಊರಿಗೆ ಮರಳಿ, ರಾಜೀನಾಮೆಯಿತ್ತು, 1912ರ ಆಗಸ್ಟಿನಲ್ಲಿ ವರ್ಜೀನಿಯಾ ಸ್ಟೀಫನ್ನಳನ್ನು ವರಿಸಿದನು. ಅಧಿಕಾರವನ್ನು ಬಿಟ್ಟರೂ ಆ ಕಛೇರಿಯ ಪದ್ಧತಿ ಅವನನ್ನು ಬಿಡಲಿಲ್ಲ. ಸಿಂಹಳದ ರೈತರು ಕಂಡಿದ್ದ ಆ ನಿಷ್ಠುರ ದೊರೆಯನ್ನೇ ಮುಂದೆ ಲಂಡನ್ನಿನ ಪುಸ್ತಕದ ವ್ಯಾಪಾರಿಗಳೂ ಕಾಣಬೇಕಾಯಿತು.

ಅಚ್ಚಿನ ಯಂತ್ರವನ್ನು ಕೊಳ್ಳಬೇಕೆಂಬ ಸಂಕಲ್ಪ ಮೂಡಿದುದು 1915ರ ಜನವರಿ 25ರಂದು, ವರ್ಜೀನಿಯಾಳ ಮೂವತ್ತಮೂರನೆಯ ಹುಟ್ಟುಹಬ್ಬದ ದಿನ, ಚಹಾದ ಅಂಗಡಿಯೊಂದರಲ್ಲಿ. ಅಂದು ದಂಪತಿಗಳು ಮೂರು ನಿಶ್ಚಯಗಳನ್ನು ಕೈಗೊಂಡರೆಂದು ಆಕೆಯ ದಿನಚರಿ ಹೇಳುತ್ತದೆ: ರಿಚ್ಮಂಡಿನ ಹೋಗಾರ್ತ್ ಹೌಸ್ ಎಂಬ ಮನೆಯನ್ನು ಹಿಡಿಯುವುದು, ಒಂದು ಮುದ್ರಣಯಂತ್ರವನ್ನು ಕೊಳ್ಳುವುದು, ಒಂದು ಬುಲ್‌ಡಾಗ್ ನಾಯಿಯನ್ನು ಸಾಕುವುದು. ಮನೆ ಬೇಗ ದೊರೆಯಿತು. ಯಂತ್ರಕ್ಕೆ ಎರಡು ವರ್ಷ ಕಾಯಬೇಕಾಯಿತು. ಏಕೆಂದರೆ ಆ ವರ್ಷವೇ ವರ್ಜೀನಿಯಾಳ ಮನೋವ್ಯಾಧಿ ಭೀಕರವಾಗಿ ಮರುಕಳಿಸಿತು. ಚೇತರಿಸಿಕೊಂಡ ಮೇಲೆ, ಬರೆವಣಿಗೆಯ ಉದ್ವೇಗದಿಂದ ಮಧ್ಯಾಹ್ನದ ಕೆಲವು ತಾಸಾದರೂ ಆಕೆಯ ಚಿತ್ತವನ್ನು ಬೇರೆಡೆಗೆ ತಿರುಗಿಸುವ ಕೈಗೆಲಸವೊಂದು ಬೇಕೆಂದು ಲೆನರ್ಡ್ ಯೋಚಿಸುತ್ತಿದ್ದನು. ಮುದ್ರಣ ಕಲಿಸುವ ಶಾಲೆಗೆ ಸೇರೋಣವೆಂದು ಇಬ್ಬರೂ ವಿಚಾರಿಸಿದರೆ, ಕಾರ್ಮಿಕ ಸಂಘದ ಕಟ್ಟಳೆಗೆ ಒಳಪಟ್ಟ ಅಭ್ಯಾಸಿಗಳಿಗಲ್ಲದೆ ನಡುವಯಸ್ಸಿನ ಹವ್ಯಾಸಿಗಳಿಗೆ ಅಲ್ಲಿ ಪ್ರವೇಶವಿಲ್ಲವೆಂಬ ಉತ್ತರ ಬಂದಿತು. ಕೊನೆಗೆ 1917ರ ಮಾರ್ಚಿಯ ಒಂದು ಮಧ್ಯಾಹ್ನ ಫ್ಯಾರಿಂಗ್‌ಡನ್ ಬೀದಿಯಲ್ಲಿ ನಡೆದುಹೋಗುತ್ತಿರುವಾಗ ಎಕ್ಸೆಲ್ಸಿಯರ್ ಎಂಬ ಅಚ್ಚಿನ ಸಾಮಾನಿನ ಅಂಗಡಿಯ ಗಾಜಿನ ಹಿಂದೆ ಚಿಕ್ಕದೊಂದು ಕೈಯಂತ್ರವನ್ನು ಕಂಡು, ಮಿಠಾಯಿ ಅಂಗಡಿಯ ಮುಂದೆ ನಿಂತ ಮಕ್ಕಳಂತೆ ನೋಡುತ್ತ ನಿಂತು, ಆಮೇಲೆ ಒಳಹೊಕ್ಕರು. ಶಾಲೆಗೀಲೆ ಏನೂ ಬೇಕಿಲ್ಲ, ಹದಿನಾರು ಪುಟದ ಈ ಕೈಪಿಡಿಯೊಂದಿದ್ದರೆ ಸಾಕೆಂದು ಅಂಗಡಿಯವನು ಧೈರ್ಯ ಹೇಳಿದನು. ಯಂತ್ರ, ಮೊಳೆ, ಖಾನೆಪೆಟ್ಟಿಗೆ, ಕೈಪಿಡಿ ಎಲ್ಲ ಸೇರಿ ತೆತ್ತದ್ದು 19 ಪೌಂಡು 5 ಷಿಲ್ಲಿಂಗು 5 ಪೆನ್ಸು.

ಏಪ್ರಿಲ್ ತಿಂಗಳ ಕೊನೆಯಲ್ಲಿ ಯಂತ್ರವು ಮನೆಗೆ ಬಂದಿತು. ಬಿಚ್ಚಿ ನೋಡಿದರೆ ಅದರದೊಂದು ಭಾಗ ಮುರಿದಿದ್ದಿತು. ರಿಪೇರಿ ಆಗುವವರೆಗೆ ಮೊಳೆಗಳನ್ನಾದರೂ ಖಾನೆಗಳಿಗೆ ತುಂಬೋಣವೆಂದು ಕುಳಿತ ವರ್ಜೀನಿಯಾ, ತಲೆಕೆಳಗಾಗಿ ಕಾಣುವ ಆ ಸೀಸದ ತುಣುಕುಗಳಲ್ಲಿ 'ಎಚ್' ಅಕ್ಷರದ ಮೊಳೆಗಳನ್ನು 'ಎನ್' ಅಕ್ಷರದವುಗಳೊಡನೆ ಬೆರೆಸಿಬಿಟ್ಟು, ಅವನ್ನು ಮತ್ತೆ ಬೇರ್ಪಡಿಸುವುದರಲ್ಲಿ ಹೈರಾಣಾದುದನ್ನು ಅಕ್ಕ ವೆನೆಸಾಳಿಗೆ ಬರೆದು ತಿಳಿಸಿದ್ದಾಳೆ. (ಇಪ್ಪತ್ತಾರೇ ಅಕ್ಷರಗಳ ಲಿಪಿಯಲ್ಲಿ ಈ ಪಾಡಾದರೆ, ಕಾಗುಣಿತ, ಒತ್ತಕ್ಷರ, ಕೊಂಬು, ದೀರ್ಘಗಳೆಂದು ನೂರಾರು ಖಾನೆಗಳ ಮುಂದೆ ನಿಂತು ಜೀವ ಸವೆಸಿದ ನಮ್ಮ ಕನ್ನಡ ಕಂಪೋಸಿಟರುಗಳನ್ನು ಯಾವ ಸಾಹಿತ್ಯ ಚರಿತ್ರೆಯೂ ನೆನೆದಂತಿಲ್ಲ.) ಲೆನರ್ಡನಿಗೆ ಹುಟ್ಟಿನಿಂದಲೂ ಕೈನಡುಕ, ಮೊಳೆ ಹಿಡಿದು ಸ್ಟಿಕ್ಕಿನಲ್ಲಿ ನಿಲ್ಲಿಸುವುದು ಅವನಿಂದಾಗದು. ಆದುದರಿಂದ ಮೊಳೆ ಜೋಡಿಸುವುದು, ಅಚ್ಚಾದ ಮೇಲೆ ಬಿಚ್ಚಿ ಖಾನೆಗೆ ಹಾಕುವುದು ಹೆಂಡತಿಯ ಪಾಲಿಗೆ. ಮಸಿ ಬಳಿದು ಸನ್ನೆಯನ್ನೆಳೆಯುವುದು ಗಂಡನ ಪಾಲಿಗೆ. ಒಮ್ಮೆಗೆ ಒಂದೇ ಪುಟ ಅಚ್ಚಾಗುವಷ್ಟು ಪುಟ್ಟ ಯಂತ್ರವದು. ಮೊಳೆಗಳೂ ಸ್ವಲ್ಪವೇ ಇದ್ದುವಾಗಿ, ಅಚ್ಚಾದ ಪುಟಗಳನ್ನು ಬಿಚ್ಚಿದ ಹೊರತು ಮುಂದಿನವನ್ನು ಜೋಡಿಸುವಂತಿರಲಿಲ್ಲ.

ಬರೆಹಗಾರರಾದವರು ಒಮ್ಮೆಯಾದರೂ ಮೊಳೆ ಜೋಡಿಸಬೇಕೆಂದು ನಾನು ಉಪದೇಶ ಮಾಡಹೊರಟಿಲ್ಲ. ಆದರೆ ಒಂದೊಂದು ಅಲ್ಪವಿರಾಮಕ್ಕೂ ಒಂದೊಂದು ತೂಕವುಂಟು, ಪದಗಳ ನಡುವಣ ಖಾಲಿ ಜಾಗವನ್ನೂ ಸೀಸದಿಂದಲೇ ತುಂಬಬೇಕು ಎಂಬುದನ್ನು ಬೆರಳಿನಿಂದ ತಿಳಿದವಳ ಗದ್ಯ, 1919ರವರೆಗೆ ಒಂದು ಬಗೆಯದಾಗಿದ್ದು ತರುವಾಯ ಇನ್ನೊಂದು ಬಗೆಯದಾದುದು ಕೇವಲ ಆಕಸ್ಮಿಕವೆಂದು ಒಪ್ಪಲು ಮನಸ್ಸು ಬಾರದು. 1922ರ 'ಜೇಕಬ್ಸ್ ರೂಮ್' ಕಾದಂಬರಿಯ ಪುಟಗಳಲ್ಲಿ ಖಂಡಖಂಡವಾದ ದೃಶ್ಯಗಳ ನಡುವೆ ಬಿಟ್ಟಿರುವ ಬಿಳಿಯ ಅವಕಾಶಗಳನ್ನು ನೋಡಿದವರಿಗೆ ನನ್ನ ಮಾತು ಅರ್ಥವಾದೀತು.

ಎರಡನೆಯ ಪುಸ್ತಕ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡಳ 'ಪ್ರೆಲ್ಯೂಡ್'. ಅರುವತ್ತೆಂಟು ಪುಟಗಳ ಈ ನೀಳ್ಗಥೆಯನ್ನು ಊಟದ ಕೋಣೆಯ ಯಂತ್ರದಲ್ಲಿ ಮುಗಿಸುವುದು ಅಸಾಧ್ಯವಾಗಿ, ಜೋಡಿಸಿದ ಪುಟಗಳನ್ನು ಹತ್ತಿರದ ಚಿಲ್ಲರೆ ಅಚ್ಚುಕೂಟವೊಂದಕ್ಕೆ ಒಯ್ದು, ಅಲ್ಲಿಯ ಕಾಲ್ತುಳಿತದ ದೊಡ್ಡ ಯಂತ್ರದ ಮೇಲೆ ಲೆನರ್ಡನೇ ಅಚ್ಚುಹಾಕಿದನು. 1918ರ ಜುಲೈ ತಿಂಗಳಲ್ಲಿ 300 ಪ್ರತಿಗಳು ಸಿದ್ಧವಾದುವು. ಕೆಲವು ಪುಟಗಳ ಮೇಲ್ತಲೆಯಲ್ಲಿ ಪುಸ್ತಕದ ಹೆಸರೇ 'ದ ಪ್ರೆಲ್ಯೂಡ್' ಎಂದು ತಪ್ಪಾಗಿ ಬಿದ್ದಿದೆ. ಹಾಗೆಯೇ ಕಟ್ಟಿ ಮಾರಿದರು. ಅದೇ ವರ್ಷದ ವಸಂತದಲ್ಲಿ ಹ್ಯಾರಿಯೆಟ್ ವೀವರ್ ಎಂಬ ಸೌಮ್ಯಮುದ್ರೆಯ ಮಹಿಳೆಯೊಬ್ಬಳು ಕಂದುಕಾಗದದ ಒಂದು ಕಟ್ಟನ್ನು ಹಿಡಿದು ಮನೆಗೆ ಬಂದಿದ್ದಳು. ಒಳಗಿದ್ದುದು ಜೇಮ್ಸ್ ಜಾಯ್ಸನ 'ಯುಲಿಸಿಸ್' ಗ್ರಂಥದ ಆಗ ಸಿದ್ಧವಾಗಿದ್ದ ಭಾಗ. ಮುನ್ನೂರು ಪುಟವಾದರೂ ತಮ್ಮ ಕೈಯಂತ್ರದಲ್ಲಿ ಎರಡು ವರ್ಷ ಹಿಡಿಯುವುದೆಂದು ದಂಪತಿಗಳು ಲೆಕ್ಕಹಾಕಿದರು. ಲೆನರ್ಡನು ಬೇರೆ ಮುದ್ರಕರನ್ನು ವಿಚಾರಿಸಿದನು. ಅಶ್ಲೀಲವೆಂದು ಮೊಕದ್ದಮೆಯಾದರೆ ಆ ನಾಡಿನ ಕಾನೂನಿನಂತೆ ಮುದ್ರಕನೂ ಅಪರಾಧಿಯಾಗುತ್ತಿದ್ದನಾದ್ದರಿಂದ ಯಾರೂ ಮುಟ್ಟಲೊಲ್ಲರು. ಕಟ್ಟು ಹಿಂದಕ್ಕೆ ಹೋಯಿತು. ವರ್ಜೀನಿಯಾಳಿಗೆ ಆ ಗ್ರಂಥ ಮೆಚ್ಚಿಕೆಯಾಗಿರಲಿಲ್ಲವೆಂಬುದೂ ನಿಜವೇ; ಆದರೆ ಅದನ್ನು ಆಕೆಯ ಮಡಿವಂತಿಕೆಯಿಂದ ತಳ್ಳಲಾಯಿತೆಂಬ ಪ್ರಚಲಿತ ಕಥೆಯು ಮುದ್ರಣದ ಕಷ್ಟವನ್ನೂ ಕಾನೂನಿನ ಭಯವನ್ನೂ ಮರೆತು ಕಟ್ಟಿದ್ದು.

1919ರ ಮೇ ತಿಂಗಳಲ್ಲಿ ಬಂದ 'ಕ್ಯೂ ಗಾರ್ಡನ್ಸ್' ಎಂಬ ಪುಟ್ಟ ಕಥೆಯು ಇವರ ಹಣೆಬರೆಹವನ್ನೇ ತಿದ್ದಿತೆನ್ನಬಹುದು. ಅಚ್ಚಾದುದು 150 ಪ್ರತಿ. ಟೈಮ್ಸ್ ಪತ್ರಿಕೆಯ ಸಾಹಿತ್ಯ ಪುರವಣಿಯಲ್ಲಿ ಅದರ ಪ್ರಶಂಸೆ ಬಂದಾಗ ದಂಪತಿಗಳು ಹಳ್ಳಿಯ ಮನೆಯಲ್ಲಿದ್ದರು. ರಿಚ್ಮಂಡಿಗೆ ಮರಳಿ ಬಾಗಿಲು ತೆರೆದರೆ, ಪುಸ್ತಕದ ಅಂಗಡಿಗಳಿಂದಲೂ ಓದುಗರಿಂದಲೂ ಬಂದ ಬೇಡಿಕೆಯ ಕಾಗದಗಳು ರಾಶಿಯಾಗಿ ಬಿದ್ದಿದ್ದುವು. ವೃತ್ತಿಮುದ್ರಕರೊಬ್ಬರಿಂದ 500 ಪ್ರತಿಗಳನ್ನು ಅವಸರವಾಗಿ ಹಾಕಿಸಬೇಕಾಯಿತು. ಈ ಸಂಭ್ರಮದ ನಡುವೆ, ಚಿತ್ರಗಳನ್ನು ಬರೆದುಕೊಟ್ಟಿದ್ದ ವೆನೆಸಾ ಬೆಲ್ ಮಾತ್ರ ತಂಗಿಯ ಮೇಲೆ ಕೆಂಡಕಾರಿದಳು. ತನ್ನ ಮರದಚ್ಚುಗಳನ್ನು ಇಷ್ಟು ಒಡ್ಡೊಡ್ಡಾಗಿ ಮುದ್ರಿಸುವುದಾದರೆ ಇನ್ನು ಮುಂದೆ ಚಿತ್ರವನ್ನೇ ಕೊಡಲಾರೆನೆಂದಳಂತೆ. ಕೊಡದಿರಲಿಲ್ಲ. ಮುಂದೆ ವರ್ಜೀನಿಯಾಳ ಕಾದಂಬರಿಗಳಿಗೆ ರಕ್ಷಾಪುಟ ಬರೆದವಳು ಆಕೆಯೇ. 'ಜೇಕಬ್ಸ್ ರೂಮ್' ಕಾದಂಬರಿಗೆ ಆಕೆ ಬರೆದ ಹೊದಿಕೆಯನ್ನು ಕಂಡು ಪುಸ್ತಕ ವ್ಯಾಪಾರಿಗಳು ನಕ್ಕರೆಂದು ಲೆನರ್ಡ್ ಬರೆದಿದ್ದಾನೆ. ಆ ಕಾಲದ ವಾಡಿಕೆಯಂತೆ ಅದರ ಮೇಲೆ ಸುಂದರಿಯ ಚಿತ್ರವಾಗಲಿ, ಕಥೆಯ ಸನ್ನಿವೇಶವಾಗಲಿ ಇರಲಿಲ್ಲ.

ಮಾರಾಟದ ಏರ್ಪಾಡು ಮೊದಮೊದಲು ಸರಳವಾಗಿದ್ದಿತು. ಮುಂಗಡ ಹಣವಿರಿಸಿ ಹೊರಬಂದುದೆಲ್ಲವನ್ನೂ ಪಡೆಯುವ ಚಂದಾದಾರರದೊಂದು ಪಟ್ಟಿ; ಹೊಸ ಪುಸ್ತಕದ ಸೂಚನೆ ಪಡೆದು ಬೇಕಾದುದನ್ನು ಮಾತ್ರ ತರಿಸಿಕೊಳ್ಳುವವರದು ಇನ್ನೊಂದು. ಸ್ನೇಹಿತರು, ಸ್ನೇಹಿತರ ಸ್ನೇಹಿತರು, ಅವರ ಚಿಕ್ಕಮ್ಮ ದೊಡ್ಡಮ್ಮಂದಿರು! ಈ ಮಿತವಾದ ವೃತ್ತದೊಳಗಿಂದಲೇ, ಅಮೆರಿಕದಿಂದ ಬಂದು ಲಂಡನ್ನಿನ ಬ್ಯಾಂಕೊಂದರಲ್ಲಿ ಗುಮಾಸ್ತಗಿರಿ ಮಾಡುತ್ತಿದ್ದ ಟಿ. ಎಸ್. ಎಲಿಯಟ್ಟನ ಕವಿತೆಗಳ ತೆಳುವಾದ ಸಂಪುಟವು 1919ರಲ್ಲಿ ಹೊರಟಿತು. ಮರುವರ್ಷ ಹೋಪ್ ಮರ್ಲೀಸ್ ಎಂಬಾಕೆಯ 'ಪ್ಯಾರಿಸ್' ಎಂಬ ನೀಳ್ಗವನವನ್ನು 175 ಪ್ರತಿ ಅಚ್ಚುಹಾಕಿದರು. ಸಾಲುಗಳು ಪುಟದ ತುಂಬ ಅಡ್ಡಾದಿಡ್ಡಿಯಾಗಿ ಹರಿದಾಡುವ, ಒಂದೆಡೆ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಇಳಿಯುವ ಆ ಕವನವನ್ನು ಜೋಡಿಸುವುದು ನುರಿತ ಕಂಪೋಸಿಟರನಿಗೂ ಶಿಕ್ಷೆಯೇ ಸರಿ. ಅಚ್ಚಾದ ಮೇಲೆ ಕಂಡ ತಪ್ಪುಗಳನ್ನು ವರ್ಜೀನಿಯಾ ಪ್ರತಿಗಳಲ್ಲಿ ಲೇಖನಿಯಿಂದ ತಿದ್ದಿದಳು. 1923ರ ಸೆಪ್ಟೆಂಬರಿನಲ್ಲಿ ಹೊರಬಂದ ಎಲಿಯಟ್ಟನ 'ದ ವೇಸ್ಟ್ ಲ್ಯಾಂಡ್' ಕಾವ್ಯದ ಇಂಗ್ಲೆಂಡಿನ ಮೊದಲ ಪುಸ್ತಕಾವೃತ್ತಿಯೂ ಆಕೆಯ ಬೆರಳುಗಳೇ ಜೋಡಿಸಿದ್ದು. ಪ್ರತಿಗಳು ಐನೂರಕ್ಕೂ ಕಡಿಮೆ. ಇಪ್ಪತ್ತನೆಯ ಶತಮಾನದ ಆಂಗ್ಲ ಕಾವ್ಯದ ದಿಕ್ಕನ್ನೇ ಬದಲಿಸಿದ ಕೃತಿಯನ್ನು ಅಕ್ಷರ ಅಕ್ಷರವಾಗಿ ಜೋಡಿಸಿದವಳು ಆ ಶತಮಾನದ ಗದ್ಯದ ದಿಕ್ಕನ್ನು ಬದಲಿಸುತ್ತಿದ್ದವಳೇ ಆಗಿದ್ದಳೆಂಬುದು ಮುದ್ರಣದ ಇತಿಹಾಸದಲ್ಲಿ ಮತ್ತೆಲ್ಲಿಯಾದರೂ ಸಂಭವಿಸಿದೆಯೆ, ನಾನರಿಯೆ.

ಆದರೆ ಕೈಯಚ್ಚಿನ ಹವ್ಯಾಸವು ಪ್ರಕಾಶನವಾಗಿ ಬೆಳೆದದ್ದು ಕಾವ್ಯದಿಂದಲ್ಲ. ಕೊಟೆಲ್ಯಾನ್‌ಸ್ಕಿ ಎಂಬ ರಷ್ಯದ ವಲಸಿಗನೊಬ್ಬನು ಗಾರ್ಕಿಯು ಟಾಲ್‌ಸ್ಟಾಯಿಯನ್ನು ಕುರಿತು ಬರೆದ ಸ್ಮರಣೆಗಳನ್ನು ತಂದುಕೊಟ್ಟನು; ಅವನೂ ಲೆನರ್ಡನೂ ಕೂಡಿ ಅನುವಾದಿಸಿದ ಆ ಪುಸ್ತಕವನ್ನು 1920ರಲ್ಲಿ ಸಾವಿರ ಪ್ರತಿಯಂತೆ ವೃತ್ತಿಮುದ್ರಕರಿಂದ ಹಾಕಿಸಿದರು, ಅವು ಬೇಗನೆ ಮುಗಿದು ಮತ್ತೆ ಅಚ್ಚಾಗಬೇಕಾಯಿತು. ಅಲ್ಲಿಂದ ಮುಂದೆ ಹಿಂತಿರುಗುವಂತಿರಲಿಲ್ಲ. 1921ರಲ್ಲಿ ಮಿನರ್ವ ಎಂಬ ಕಾಲ್ತುಳಿತದ ದೊಡ್ಡ ಯಂತ್ರವೊಂದನ್ನು ಕೊಂಡರು. (1930ರಲ್ಲಿ ಗೆಳತಿ ವೀಟಾ ಸ್ಯಾಕ್‌ವಿಲ್-ವೆಸ್ಟಳಿಗೆ ಕೊಟ್ಟ ಆ ಯಂತ್ರವು ಸಿಸ್ಸಿಂಗ್‌ಹರ್ಸ್ಟಿನ ಆಕೆಯ ಮನೆಯಲ್ಲಿ ಇಂದಿಗೂ ಇದೆ.) ಅದಕ್ಕಿಂತ ಮಿಗಿಲಾದ ಪರಿಣಾಮವೆಂದರೆ, 'ಜೇಕಬ್ಸ್ ರೂಮ್' ಮೊದಲುಗೊಂಡು ವರ್ಜೀನಿಯಾಳ ಕಾದಂಬರಿಗಳೆಲ್ಲವೂ ಸ್ವಂತ ಮುದ್ರೆಯಲ್ಲಿಯೇ ಹೊರಬರತೊಡಗಿದುದು. ಮೊದಲೆರಡು ಕಾದಂಬರಿಗಳನ್ನು ಪ್ರಕಟಿಸಿದ್ದವನು ಆಕೆಯ ಮಲಸೋದರ ಜೆರಾಲ್ಡ್ ಡಕ್‌ವರ್ತ್. ಅವನ ಮೇಜಿನ ಮುಂದೆ ಹಸ್ತಪ್ರತಿಯನ್ನು ಹಿಡಿದು ನಿಲ್ಲುವುದೆಂದರೆ ಆಕೆಗೆ ಪ್ರಾಣಸಂಕಟ. ಇನ್ನು ಯಾವ ಸಂಪಾದಕನ ಹುಬ್ಬನ್ನೂ ನೋಡಬೇಕಾಗಿಲ್ಲವೆಂಬ ನಿರಾಳತೆಯನ್ನು ಆಕೆ ದಿನಚರಿಯಲ್ಲಿ ಮತ್ತೆ ಮತ್ತೆ ನೆನೆದಿದ್ದಾಳೆ. ಬರೆಯುವ ಹೆಣ್ಣಿಗೆ ಸ್ವಂತದ ಕೋಣೆಯೂ ವರ್ಷಕ್ಕೆ ಐನೂರು ಪೌಂಡಿನ ವರಮಾನವೂ ಬೇಕೆಂದು 1929ರಲ್ಲಿ ಆಕೆ ಜಗತ್ತಿಗೆ ಸಾರಿದಳಷ್ಟೆ. ಮೂರನೆಯದೊಂದನ್ನು, ಅಂದರೆ ಸ್ವಂತದ ಅಚ್ಚುಕೂಟವನ್ನು, ಆಕೆ ಅಲ್ಲಿ ಹೇಳಲಿಲ್ಲ. ಹೇಳಿದ್ದರೆ ಕೇಳಿದವರು ನಿರಾಶರಾಗುತ್ತಿದ್ದರೇನೋ.

1924ರ ಮಾರ್ಚಿಯಲ್ಲಿ ಮನೆಯೂ ಪ್ರೆಸ್ಸೂ ಕೂಡಿ ಲಂಡನ್ನಿನ ಬ್ಲೂಮ್ಸ್‌ಬರಿಯ 52 ಟಾವಿಸ್ಟಾಕ್ ಸ್ಕ್ವೇರಿಗೆ ಸ್ಥಳಾಂತರಗೊಂಡುವು. ನಡುವಣ ಅಂತಸ್ತುಗಳಲ್ಲಿ ವಕೀಲರ ಕಛೇರಿ, ಮೇಲಿನೆರಡರಲ್ಲಿ ದಂಪತಿಗಳ ವಾಸ, ಕೆಳಗಿನ ನೆಲಮನೆಯಲ್ಲಿ ಪ್ರೆಸ್ಸು. ಹಿಂಬದಿಯಲ್ಲಿ ಹಿಂದೆಂದೋ ಬಿಲಿಯರ್ಡ್ಸ್ ಆಡಲು ಕಟ್ಟಿಸಿದ್ದ ದೊಡ್ಡ ಕೋಣೆಯೊಂದಿದ್ದಿತು. ಅದೇ ಪುಸ್ತಕದ ಉಗ್ರಾಣ, ಅದೇ ವರ್ಜೀನಿಯಾಳ ಬರೆಯುವ ಕೋಣೆ. ಸುತ್ತಲೂ ಮಾರಾಟವಾಗದ ಪುಸ್ತಕಗಳ ಕಟ್ಟುಗಳು, ನಡುವೆ ಹಳೆಯ ಕುರ್ಚಿಯಲ್ಲಿ ತೊಡೆಯ ಮೇಲೆ ಹಲಗೆಯಿರಿಸಿಕೊಂಡು ಬರೆಯುತ್ತಿರುವ ಲೇಖಕಿ. ಆಳುಗಳು ಆಗಾಗ ಕಟ್ಟೊಂದನ್ನು ಎತ್ತಿಕೊಂಡು ಹೋಗಲು ಒಳಬರುವರು, ಆಕೆ ತಲೆಯೆತ್ತಳು. ಬರೆದು ಮುಗಿಸಿದ ಮೇಲೆ ತಾನೂ ಮೇಲುಡುಪು ಹಾಕಿಕೊಂಡು ಪಾರ್ಸೆಲ್ಲುಗಳಿಗೆ ದಾರ ಕಟ್ಟಲು ನಿಲ್ಲುವಳು. ಆಕೆ ಸ್ವತಃ ಓದಿ ಆಯದ ಕಾದಂಬರಿ, ಕವಿತೆಗಳು ಅಲ್ಲಿಂದ ಹೊರಬಂದದ್ದು ಕಡಮೆ.

ಪ್ರೆಸ್ಸಿನಲ್ಲಿ ಕೆಲಸಕ್ಕೆ ನಿಂತ ವಿದ್ಯಾವಂತ ತರುಣರ ಪಾಡು ಬೇರೆಯೇ ಕಥೆ. ರಾಲ್ಫ್ ಪಾರ್‌ಟ್ರಿಜ್, ಜಾರ್ಜ್ ರೈಲಂಡ್ಸ್, ಆಂಗಸ್ ಡೇವಿಡ್‌ಸನ್ — ಒಬ್ಬೊಬ್ಬರೂ ಸಾಹಿತ್ಯದ ಕನಸು ಕಟ್ಟಿಕೊಂಡು ಬಂದರು, ಲೆನರ್ಡನ ನಿಮಿಷ ನಿಮಿಷದ ಲೆಕ್ಕಕ್ಕೆ ಬೇಸತ್ತು ಹೋದರು. ಹದಿನಾರರ ಹುಡುಗನಾಗಿ ಸೇರಿಕೊಂಡ ರಿಚರ್ಡ್ ಕೆನಡಿ ಮುಂದೆ ಆ ದಿನಗಳನ್ನು ಕುರಿತು ತಾನೇ ಚಿತ್ರ ಬರೆದು ಒಂದು ಸೊಗಸಾದ ಪುಸ್ತಕವನ್ನು ರಚಿಸಿದ್ದಾನೆ. ಶೌಚಗೃಹದಲ್ಲಿ ಕಾಗದಕ್ಕೆ ಬದಲಾಗಿ ಹಳೆಯ ಗ್ಯಾಲಿ ಕರಡುಗಳನ್ನಿಡುವಷ್ಟರ ಮಟ್ಟಿಗೆ ಯಜಮಾನರ ಮಿತವ್ಯಯ ಸಾಗಿದ್ದಿತೆಂಬುದು ಅವನ ಸಾಕ್ಷ್ಯ. ಯಾವ ಗ್ರಂಥಕರ್ತನ ಕರಡುಗಳು ಆ ಸದ್ಗತಿಯನ್ನು ಪಡೆದುವೋ!

ಇಂಥ ಜಿಪುಣನೇ ಅದೇ 1924ರಲ್ಲಿ ಒಂದು ಸಾಹಸಕ್ಕೆ ಕೈಯಿಕ್ಕಿದನು. ಸಿಗ್ಮಂಡ್ ಫ್ರಾಯ್ಡನ ಬರೆಹಗಳನ್ನು ಇಂಗ್ಲಿಷಿನಲ್ಲಿ ತರುವ ಹೊಣೆಯನ್ನು ಹೊತ್ತುಕೊಳ್ಳಬಲ್ಲಿರಾ ಎಂದು ಜೇಮ್ಸ್ ಸ್ಟ್ರೇಚಿ ಬಂದು ಕೇಳಿದಾಗ, ನೆಲಮನೆಯ ಈ ಪುಟ್ಟ ಸಂಸ್ಥೆಯು ಮನೋವಿಶ್ಲೇಷಣ ಗ್ರಂಥಮಾಲೆಯ ಪ್ರಕಾಶಕತ್ವವನ್ನು ಒಪ್ಪಿಕೊಂಡಿತು. ಸಂಗ್ರಹ ಪ್ರಬಂಧಗಳ ಸಂಪುಟಗಳು ವರ್ಷವರ್ಷವೂ ತಪ್ಪದೆ ಮಾರಾಟವಾದುವು. ಈ ದೃಷ್ಟಾಂತದಿಂದ ಲೆನರ್ಡನ ಲೋಭದ ಸ್ವರೂಪ ಸ್ಪಷ್ಟವಾಗುತ್ತದೆ: ಕಾಗದ, ದಾರ, ಸಂಬಳಗಳಲ್ಲಿ ಹಿಡಿತ, ವಿಚಾರದ ಮೇಲೆ ಪಣವೊಡ್ಡುವಲ್ಲಿ ಮುಕ್ತಹಸ್ತ. 1939ರ ಜನವರಿಯಲ್ಲಿ, ನಾಜಿಗಳಿಂದ ಪಾರಾಗಿ ಲಂಡನ್ನಿಗೆ ಬಂದಿದ್ದ ಮುಪ್ಪಿನ ಫ್ರಾಯ್ಡನನ್ನು ದಂಪತಿಗಳು ಕಾಣಹೋದಾಗ, ಆತ ವರ್ಜೀನಿಯಾಳ ಕೈಗೆ ನರ್ಗಿಸ್ ಹೂವೊಂದನ್ನಿತ್ತನು.

ಹಣ ತಂದುಕೊಟ್ಟವರು ಬೇರೆ. ವರ್ಜೀನಿಯಾಳ 1928ರ 'ಆರ್ಲ್ಯಾಂಡೊ' ಆರು ತಿಂಗಳಲ್ಲಿ 8,104 ಪ್ರತಿ ಮಾರಾಟವಾಯಿತು. ಅದೂ ತಮಾಷೆಗೆಂದು ಮುಖಪುಟದ ಮೇಲೆ 'ಜೀವನಚರಿತ್ರೆ' ಎಂದು ಹಾಕಿದ್ದರಿಂದ ಅಂಗಡಿಯವರು ಅದನ್ನು ಜೀವನಚರಿತ್ರೆಗಳ ಕಪಾಟಿನಲ್ಲೇ ಇಡುವೆವೆಂದು ಪಟ್ಟುಹಿಡಿದರೂ. ಯಾರನ್ನು ಮನಸ್ಸಿನಲ್ಲಿರಿಸಿಕೊಂಡು ಆ ಪುಸ್ತಕವನ್ನು ಬರೆದಳೋ ಆ ವೀಟಾ ಸ್ಯಾಕ್‌ವಿಲ್-ವೆಸ್ಟಳ 'ದಿ ಎಡ್ವರ್ಡಿಯನ್ಸ್' 1930ರಲ್ಲಿ ಹೊರಬಂದು ಆರು ತಿಂಗಳೊಳಗೆ ಹೆಚ್ಚುಕಡಮೆ 30,000 ಪ್ರತಿ ಹೋಯಿತು. ಇಂದು ಅದನ್ನು ಓದುವವರು ವಿರಳ. ಆದರೆ ಇನ್ನೂರು ಮುನ್ನೂರು ಪ್ರತಿಯ ಎಷ್ಟು ಕವನಸಂಕಲನಗಳು ಅದರ ಬೆನ್ನಮೇಲೇರಿ ಹೊಳೆ ದಾಟಿದುವೆಂಬುದನ್ನು ನೆನೆದರೆ ವೀಟಾಳನ್ನು ಕುರಿತು ಹಗುರವಾಗಿ ಮಾತನಾಡಲು ಮನಸ್ಸಾಗದು. ಹೆಚ್ಚು ಮುಂಗಡ ಕೊಡುತ್ತೇವೆಂದು ದೊಡ್ಡ ಪ್ರಕಾಶಕರು ಕರೆದರೂ ಆಕೆ ಬಹುಕಾಲ ಇವರನ್ನು ಬಿಟ್ಟುಹೋಗಲಿಲ್ಲ.

ನಮ್ಮ ಕಡೆಯ ಓದುಗರಿಗೆ ಹೆಚ್ಚು ಕುತೂಹಲಕರವಾದ, ಆದರೆ ಬ್ಲೂಮ್ಸ್‌ಬರಿಯ ಕಥೆಗಾರರು ಸಾಮಾನ್ಯವಾಗಿ ದಾಟಿಹೋಗುವ ಇನ್ನೊಂದು ಪಟ್ಟಿಯುಂಟು. ಸಿಂಹಳದ ಅನುಭವದಿಂದ ಸಾಮ್ರಾಜ್ಯವಿರೋಧಿಯಾಗಿದ್ದ ಲೆನರ್ಡನು ವಸಾಹತುಗಳ ಪ್ರಶ್ನೆಗೆ ಪ್ರೆಸ್ಸಿನಲ್ಲಿ ಪ್ರಮುಖ ಸ್ಥಾನವಿತ್ತನು. 1857ರ ದಂಗೆಯನ್ನು ಅಡಗಿಸುವಾಗ ಆಂಗ್ಲರೇ ಎಸಗಿದ ಕ್ರೌರ್ಯವನ್ನು ಆಂಗ್ಲನೊಬ್ಬನೇ ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದ ಎಡ್ವರ್ಡ್ ಥಾಂಪ್ಸನ್ನನ 'ದಿ ಅದರ್ ಸೈಡ್ ಆಫ್ ದ ಮೆಡಲ್' 1925ರಲ್ಲಿ ಹೊರಬಂದದ್ದು ಇಲ್ಲಿಂದ. ಬಂಗಾಳದ ಗುರುಸದಯ ದತ್ತರು ತಮ್ಮ ಪತ್ನಿ ಸರೋಜನಳಿನಿಯವರನ್ನು ಕುರಿತು ಬರೆದ ಜೀವನಚರಿತ್ರೆ 1929ರಲ್ಲಿ ರವೀಂದ್ರನಾಥ ಠಾಕೂರರ ಮುನ್ನುಡಿಯೊಡನೆ ಅಚ್ಚಾಯಿತು. 1933ರಲ್ಲಿ ಕಿರುಹೊತ್ತಗೆಗಳ ಒಂದೇ ಮಾಲೆಯಲ್ಲಿ ಮುಂದೆ ಚೀನಾದಲ್ಲಿ ನಮ್ಮ ರಾಯಭಾರಿಯಾದ ಕೆ. ಎಂ. ಪಣಿಕ್ಕರರು ಜಾತಿ ಮತ್ತು ಪ್ರಜಾಪ್ರಭುತ್ವವನ್ನು ಕುರಿತೂ, ಮುಂದೆ ಕ್ರಿಕೆಟ್ಟಿನ ಮೇಲೆ ಅಪೂರ್ವ ಗ್ರಂಥವನ್ನು ರಚಿಸಿದ ಟ್ರಿನಿಡಾಡಿನ ಸಿ. ಎಲ್. ಆರ್. ಜೇಮ್ಸ್ ವೆಸ್ಟ್ ಇಂಡೀಸಿನ ಸ್ವರಾಜ್ಯವನ್ನು ಕುರಿತೂ ಬರೆದರು. ಅದೇ ಮಾಲೆಯಲ್ಲಿ ಮುಸೋಲಿನಿಯ ಫ್ಯಾಸಿಸ್ಟ್ ಸಿದ್ಧಾಂತವೂ ಅವನದೇ ಮಾತಿನಲ್ಲಿ ಅಚ್ಚಾಯಿತು! ಶತ್ರುವಿನ ವಾದವನ್ನು ಶತ್ರುವಿನ ಬಾಯಿಂದಲೇ ಕೇಳಿಸಬೇಕೆಂಬ ಈ ನಿರ್ಭೀತಿ ಸಮಾಜವಾದಿಗಳಲ್ಲಿ ಅಂದೂ ಅಪರೂಪ, ಇಂದೂ ಅಪರೂಪ. ತರುಣ ಮುಲ್ಕ್‌ರಾಜ್ ಆನಂದರು ಟಾವಿಸ್ಟಾಕ್ ಸ್ಕ್ವೇರಿನ ಆ ನೆಲಮನೆಯಲ್ಲಿ ಕರಡು ತಿದ್ದುತ್ತಿದ್ದುದನ್ನು ತಾವೇ ಬರೆದುಕೊಂಡಿದ್ದಾರೆ. ಅಹ್ಮದ್ ಅಲಿಯವರ 'ಟ್ವೈಲೈಟ್ ಇನ್ ದೆಹಲಿ' 1940ರಲ್ಲಿ ಅಚ್ಚಿಗೆ ಹೋದಾಗ, 1857ರ ಪ್ರಸ್ತಾಪವಿರುವ ಭಾಗಗಳು ರಾಜದ್ರೋಹವೆಂದು ಮುದ್ರಕರು ತಡೆದರಂತೆ. ಇ. ಎಂ. ಫಾರ್‌ಸ್ಟರ್ ಮೊದಲಾದವರು ನಡುವೆ ಬಂದು, ವೀಟಾಳ ಪತಿಯೂ ಆಗ ಸರ್ಕಾರದಲ್ಲಿ ಅಧಿಕಾರಿಯೂ ಆಗಿದ್ದ ಹೆರಾಲ್ಡ್ ನಿಕಲ್ಸನ್ನನಿಗೆ ಹಸ್ತಪ್ರತಿಯನ್ನು ತೋರಿಸಿ, ಅವನ ಒಪ್ಪಿಗೆ ದೊರೆತ ಮೇಲೆಯೇ ಕಾದಂಬರಿ ಬೆಳಕು ಕಂಡಿತು.

ಅಷ್ಟು ಹೊತ್ತಿಗೆ ಪ್ರೆಸ್ಸಿನ ಒಡೆತನ ಬದಲಾಗಿದ್ದಿತು. 1931ರಲ್ಲಿ ಇಪ್ಪತ್ತಮೂರರ ಕವಿಯಾಗಿ ಬಂದು, ಒಂದೂವರೆ ವರ್ಷ ದುಡಿದು, ಮುನಿಸಿಕೊಂಡು ಹೋಗಿದ್ದ ಜಾನ್ ಲೇಮನ್ನನು 1938ರಲ್ಲಿ ಹಿಂತಿರುಗಿ, ವರ್ಜೀನಿಯಾಳ ಅರ್ಧ ಪಾಲನ್ನು 3,000 ಪೌಂಡಿಗೆ ಕೊಂಡು ಪಾಲುದಾರನಾದನು. ಇಷರ್‌ವುಡ್ಡನ 'ಗುಡ್‌ಬೈ ಟು ಬರ್ಲಿನ್', ಹೆನ್ರಿ ಗ್ರೀನನ 'ಪಾರ್ಟಿ ಗೋಯಿಂಗ್' ಮುಂತಾದ ಹೊಸ ಪೀಳಿಗೆಯ ಕಾದಂಬರಿಗಳು ಆ ಬಳಿಕದವು. 1939ರಲ್ಲಿ ಮೆಕ್ಲೆನ್‌ಬರ್ಗ್ ಸ್ಕ್ವೇರಿಗೆ ಸಂಸ್ಥೆ ಸರಿಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಜರ್ಮನರ ಬಾಂಬು ಆ ಮನೆಯನ್ನು ಜಖಂ ಮಾಡಿತು, ಅಕ್ಟೋಬರಿನಲ್ಲಿ ಹಳೆಯ ಟಾವಿಸ್ಟಾಕ್ ಸ್ಕ್ವೇರಿನ ಮನೆಯನ್ನು ನೆಲಸಮ ಮಾಡಿತು. ಪ್ರೆಸ್ಸಿನ ಕಛೇರಿಯು ಲೆಚ್‌ವರ್ತಿನಲ್ಲಿದ್ದ ತಮ್ಮ ಮುದ್ರಕರ ಆವರಣಕ್ಕೆ ವಲಸೆ ಹೋಯಿತು. 1941ರ ಮಾರ್ಚಿ 28ರಂದು ವರ್ಜೀನಿಯಾ ಹಳ್ಳಿಯ ಮನೆಯ ಬಳಿಯ ಊಸ್ ನದಿಯಲ್ಲಿ ಪ್ರಾಣ ಬಿಟ್ಟಳು. ಆಕೆಯ ಕೊನೆಯ ಕಾದಂಬರಿ 'ಬಿಟ್ವೀನ್ ದಿ ಆಕ್ಟ್ಸ್' ಅದೇ ವರ್ಷದ ಜುಲೈ ತಿಂಗಳಲ್ಲಿ ಹೊರಬಂದಿತು. ಅದನ್ನು ಅಚ್ಚಿಗೆ ಸಿದ್ಧಪಡಿಸಿದವನು ಲೆನರ್ಡ್.

ಯುದ್ಧ ಮುಗಿದೊಡನೆ ಪಾಲುದಾರರ ಜಗಳ ಮುನ್ನೆಲೆಗೆ ಬಂದಿತು. ಲೇಮನ್ನನಿಗೆ ಸಂಸ್ಥೆಯನ್ನು ಬೆಳೆಸಬೇಕು, ಬಂಡವಾಳ ಹೆಚ್ಚಿಸಬೇಕು, ಹೊಸ ಲೇಖಕರನ್ನು ಹೆಚ್ಚುಹೆಚ್ಚಾಗಿ ತರಬೇಕೆಂಬ ಹಂಬಲ; ಲೆನರ್ಡನಿಗೆ ಇಬ್ಬರು ಓದಿ ಒಪ್ಪಬಲ್ಲಷ್ಟೇ ಪುಸ್ತಕ ಸಾಕು, ಅದಕ್ಕೆ ಮೀರಿದರೆ ಅದು ಬೇರೆಯವರ ವ್ಯಾಪಾರವಾಗುವುದೆಂಬ ಹಟ. ಒಬ್ಬರ ಪಾಲನ್ನು ಇನ್ನೊಬ್ಬರು ಕೊಳ್ಳಬೇಕೆಂಬ ಒಪ್ಪಂದದ ಕಲಮನ್ನು ಹಿಡಿದು ಲೇಮನ್ನನು 1946ರಲ್ಲಿ ನೋಟೀಸು ಕೊಟ್ಟಾಗ, ಲೆನರ್ಡನು ಚಾಟೊ ಅಂಡ್ ವಿಂಡಸ್ ಎಂಬ ಪ್ರತಿಷ್ಠಿತ ಸಂಸ್ಥೆಯ ಗೆಳೆಯರನ್ನು ಕಂಡು, ಲೇಮನ್ನನ ಪಾಲನ್ನು ಅವರಿಂದ ಕೊಳ್ಳಿಸಿ, ಹೋಗಾರ್ತ್ ಹೆಸರನ್ನು ಅವರ ನೆರಳಿನಲ್ಲಿ ಇರಿಸಿದನು. ಇಲ್ಲಿಗೆ ಆ ಹೆಸರಿನ ಸ್ವತಂತ್ರ ಜೀವನ ಮುಗಿಯಿತು. ಮೂವತ್ತು ವರ್ಷಗಳಲ್ಲಿ ಪ್ರಕಟವಾದ ಶೀರ್ಷಿಕೆಗಳು ಐನೂರಕ್ಕೂ ಹೆಚ್ಚು. ಫ್ರಾಯ್ಡನ ಸಮಗ್ರ ಬರೆಹಗಳ 24 ಸಂಪುಟಗಳು 1953ರಿಂದ 1974ರವರೆಗೆ ಅದೇ ಮುದ್ರೆಯಲ್ಲಿ ಹೊರಬಂದುವು. ಆಮೇಲೆ ಒಂದರೊಳಗೊಂದು ಸೇರುತ್ತ ಹೋದ ಬೃಹತ್ ಸಂಸ್ಥೆಗಳ ಹೊಟ್ಟೆಯಲ್ಲಿ ಆ ಹೆಸರು ಮಲಗಿದ್ದು, 2012ರಲ್ಲಿ ಮತ್ತೆ ಪುಸ್ತಕಗಳ ಬೆನ್ನಮೇಲೆ ಕಾಣಿಸಿಕೊಂಡಿತು.

ಲೇಮನ್ನನು ತನ್ನದೇ ಹೆಸರಿನ ಪ್ರಕಾಶನವನ್ನು ತೆರೆದನು. ಒಳ್ಳೆಯ ಅಭಿರುಚಿ, ಒಳ್ಳೆಯ ಲೇಖಕರು, ಬಂಡವಾಳ ಮಾತ್ರ ಬೇರೆಯವರದು. ಒಡೆತನ ಹಿಡಿದಿದ್ದ ಮುದ್ರಕರ ಕಂಪನಿಯು ಕೆಲವೇ ವರ್ಷಗಳಲ್ಲಿ ಅದನ್ನು ಮುಚ್ಚಿಸಿತು. ಲೆನರ್ಡ್ ತನ್ನ ಆತ್ಮಚರಿತ್ರೆಯಲ್ಲಿ ಈ ಜಗಳದ ವೃತ್ತಾಂತವನ್ನು, ಎಂದಿನಂತೆ ಅಂಕಿಅಂಶಗಳ ಸಮೇತ, ತನ್ನ ಪರವಾಗಿ ಬರೆದು 1969ರಲ್ಲಿ ತೀರಿಕೊಂಡನು. ಲೇಮನ್ನನೂ ತನ್ನ ಪರವಾದ ವೃತ್ತಾಂತವನ್ನು ಒಂದಿಡೀ ಪುಸ್ತಕವಾಗಿ ಬರೆದನು. ಆದರೆ ಅದು ಹೊರಬಂದದ್ದು 1978ರಲ್ಲಿ, ಲೆಕ್ಕದ ಪುಸ್ತಕ ತೆರೆದು ಉತ್ತರ ಕೊಡಲು ಎದುರಾಳಿಯು ಉಳಿದಿಲ್ಲದ ಕಾಲದಲ್ಲಿ.